ದುಡಿದ ಕೈಗೆ ಮನೆಯಲ್ಲೊಂದು ಮೂಲೆ

ನಿವೃತ್ತನಾದ ಕಾರ್ಮಿಕನು ಮನೆಯಲ್ಲಿ ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಸಂಘದ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಪಗಾರ, ಬೋನಸ್ಸು, ರಜೆ, ಪಾಳಿ ಇವುಗಳ ಬಗ್ಗೆ ಠರಾವು ಪಾಸಾಗುತ್ತದೆ. ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಗೋಡೆಗೆ ತೂಗುವ ಗಡಿಯಾರವೊಂದನ್ನು ಕೈಯಲ್ಲಿಟ್ಟು ಕಳಿಸಿಕೊಡುತ್ತೇವೆ. ಮರುದಿನ ಬೆಳಿಗ್ಗೆ ಆ ಮನುಷ್ಯ ಎಷ್ಟು ಗಂಟೆಗೆ ಎದ್ದ, ಎದ್ದು ಎಲ್ಲಿ ಕುಳಿತ, ಅವನು ಕುಳಿತ ಜಾಗದಲ್ಲಿ ಅದುವರೆಗೆ ಯಾರು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಲು ನಾವು ಹೋಗುವುದಿಲ್ಲ. ಹೋಗಿ ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.

ವಂತಿಗೆ ವಸೂಲಿಗೆಂದು ಚಾಳಿನಿಂದ ಚಾಳಿಗೆ ತಿರುಗುವ ನಮಗೆ ಒಂದು ಲಾಭವುಂಟು. ಮನೆಯ ಮಾತು ಕಿವಿಗೆ ಬೀಳುತ್ತದೆ. ಚಹ ಬರುವಷ್ಟರಲ್ಲಿ ಎರಡೂ ಪಕ್ಷದ ಫಿರ್ಯಾದು ನಮ್ಮ ಮುಂದೆ ಬಂದಿರುತ್ತದೆ. "ನೋಡಿ ಅಣ್ಣ, ಒಂದು ವಾರದಿಂದ ಈ ಮಿಕ್ಸರು ಹೊಟ್ಟೆ ಬಿಚ್ಚಿಕೊಂಡು ಮಂಚದ ಕೆಳಗೆ ಬಿದ್ದಿದೆ. ಚಟ್ನಿ ಅರೆಯಲು ಪಕ್ಕದ ಖೋಲಿಗೆ ಹೋಗುತ್ತಿದ್ದೇನೆ" ಎನ್ನುತ್ತಾರೆ ಮನೆಯಾಕೆ. "ಒಂದು ಬುಶ್ ಸಿಕ್ಕಿದರೆ ಹತ್ತು ನಿಮಿಷದ ಕೆಲಸ. ಇವಳಿಗೆ ತಾಳ್ಮೆ ಇಲ್ಲ" ಎನ್ನುತ್ತಾರೆ ಯಜಮಾನರು. "ಮಾವ ಮಧ್ಯಾಹ್ನ ಮೊಳೆ ಹೊಡೆಯುತ್ತಾರೆ, ಮಗು ಮಲಗುವುದಿಲ್ಲ" ಎಂದು ಸೊಸೆ ಮೋರಿಯ ಹತ್ತಿರದಿಂದ ಮೆಲ್ಲನೆ ಹೇಳುತ್ತಾಳೆ. ರಾತ್ರಿಪಾಳಿ ಮುಗಿಸಿ ಬಂದ ಮಗ ಚಾದರ ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಅವನದೂ ಒಂದು ಫಿರ್ಯಾದೇ.

ಕೇಳಿದವರಿಗೆ ನಗು ಬರುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದಾರೆ. ಆದರೆ ಆ ಗಾದೆ ಹುಟ್ಟಿದ್ದು ಬೆಳಗಾದರೆ ಗಂಡ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ. ನಿವೃತ್ತನ ಮನೆಯಲ್ಲಿ ಉಂಡು ಮಲಗಿ ಎದ್ದರೂ ಅವನು ಅಲ್ಲೇ ಇರುತ್ತಾನೆ, ಮಿಕ್ಸರೂ ಅಲ್ಲೇ ಇರುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಖೋಲಿಯಲ್ಲಿ ಐದಾರು ಜನ ಬಾಳುವಾಗ ಒಂದು ಬಿಚ್ಚಿದ ಯಂತ್ರ ಹಿಡಿಯುವ ಜಾಗವೆಂದರೆ ಒಬ್ಬ ಮನುಷ್ಯ ಕಾಲು ಚಾಚುವ ಜಾಗ. ಇದು ನಕ್ಕು ಬಿಡುವ ಮಾತಲ್ಲ. ಇದರಲ್ಲಿ ಜಾಗದ ಪ್ರಶ್ನೆಯಿದೆ, ದುಡ್ಡಿನ ಪ್ರಶ್ನೆಯಿದೆ, ಎಲ್ಲಕ್ಕಿಂತ ಮೇಲಾಗಿ ಮಾನದ ಪ್ರಶ್ನೆಯಿದೆ.

ಮೊದಲು ಯಜಮಾನರ ಪಕ್ಷವನ್ನು ಹೇಳೋಣ. ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿ ಹೊಗೆ ಬಿಟ್ಟದ್ದು 1850ರ ದಶಕದಲ್ಲಿ. ಅಂದಿನಿಂದ ಗಿರಣಿಯೊಳಗೆ ಯಂತ್ರ ನಿಂತರೆ ಅದರ ಕಿವಿ ಹಿಂಡಿ ಓಡಿಸಿದವರು ನಮ್ಮಂಥ ಕಾರ್ಮಿಕರೇ. ಕಡಿದ ನೂಲನ್ನು ಕಣ್ಣು ಮುಚ್ಚಿ ಗಂಟು ಹಾಕಬಲ್ಲ ಬೆರಳು, ಮಗ್ಗದ ಸದ್ದು ಒಂದು ಎಳೆ ಬದಲಾದರೆ ಎಲ್ಲಿ ಸಡಿಲವಾಯಿತೆಂದು ತಿಳಿಯಬಲ್ಲ ಕಿವಿ, ಇವು ಶಾಲೆಯಲ್ಲಿ ಕಲಿತವಲ್ಲ. 1982ರ ಜನವರಿ 18ರಂದು ಶುರುವಾದ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಆಗ ಹೊರಬಿದ್ದ ಸಾವಿರಾರು ಜನರ ಬೆರಳಿಗೂ ಕಿವಿಗೂ ಯಾರೂ ನಿವೃತ್ತಿ ಪತ್ರ ಕೊಡಲಿಲ್ಲ. ಹೋಟೆಲಿನವರ ಕಥೆಯೂ ಅಷ್ಟೆ. ಗ್ರೈಂಡರು ನಿಂತರೆ, ಭಟ್ಟಿಯ ಬರ್ನರು ಕಟ್ಟಿಕೊಂಡರೆ, ಬೆಳಗಿನ ಐದು ಗಂಟೆಗೆ ಮಿಸ್ತ್ರಿ ಎಲ್ಲಿಂದ ಬರಬೇಕು? ನಮ್ಮವರೇ ಪಾನಾ, ಪಕ್ಕಡು ಹಿಡಿದು ಕುಳಿತು ಇಡ್ಲಿಯ ಹೊತ್ತಿಗೆ ಎಲ್ಲವನ್ನೂ ಸರಿಮಾಡಿದ್ದಾರೆ. ಮೂವತ್ತು ನಲವತ್ತು ವರ್ಷ ಹೀಗೆ ಬದುಕಿದ ಕೈ, ಅರವತ್ತರ ಮರುದಿನದಿಂದ ಮೊಣಕಾಲ ಮೇಲೆ ಸುಮ್ಮನೆ ಕುಳಿತಿರಲಾರದು. ಬಿಸ್ಕತ್ತಿನ ಡಬ್ಬಿಯಲ್ಲಿ ಮೊಳೆ, ಸ್ಕ್ರೂ, ವಾಷರು ಕೂಡಿಟ್ಟುಕೊಂಡ ಮುದುಕನನ್ನು ನೋಡಿ ಮಕ್ಕಳು ನಗಬಾರದು. ಆ ಡಬ್ಬಿಯಲ್ಲಿ ಅವನ ಕಸುಬು ಇದೆ.

ಬಿಡುವೆಂಬುದು ನಮಗೆ ಯಾರೂ ದಾನ ಕೊಟ್ಟದ್ದಲ್ಲವೆಂಬುದನ್ನೂ ನೆನಪಿಡಬೇಕು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಹೋರಾಡಿ, 1890ರಲ್ಲಿ ಮುಂಬಯಿ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರಕಿಸಿದರು. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ ಇತ್ತು. ಪ್ರಾವಿಡೆಂಟ್ ಫಂಡು ಬಂದದ್ದು 1952ರಲ್ಲಿ, ಗ್ರಾಚ್ಯುಯಿಟಿ 1972ರಲ್ಲಿ. ಹೀಗೆ ಒಂದೊಂದು ಮೆಟ್ಟಿಲು ಹತ್ತಿ ಗಳಿಸಿದ ಮುಪ್ಪಿನ ಬಿಡುವನ್ನು, ಖೋಲಿಯ ಬಾಗಿಲಲ್ಲಿ ಕುಳಿತು ಹೋಗಿಬರುವವರನ್ನು ಎಣಿಸುತ್ತ ಕಳೆಯುವುದು ನ್ಯಾಯವಲ್ಲ. ತನ್ನ ಇಷ್ಟದ ಕೆಲಸವನ್ನು, ಯಾವ ಜಾಬರನ ಕೂಗೂ ಇಲ್ಲದೆ, ತನ್ನ ಹೊತ್ತಿಗೆ ಮಾಡುವುದು ಅವನ ಹಕ್ಕು.

ಇನ್ನು ಮನೆಯಾಕೆಯ ಪಕ್ಷ. ಇಲ್ಲಿ ನಮ್ಮ ಸಹೋದರರು ಸ್ವಲ್ಪ ಕಿವಿಗೊಟ್ಟು ಕೇಳಬೇಕಾಗಿ ವಿನಂತಿ. ಗಂಡನಿಗೆ ಅರವತ್ತಾದ ದಿನ ಹೆಂಡತಿಗೆ ಯಾವ ನಿವೃತ್ತಿ ಬಂತು? ನಲ್ಲಿ ಬರುವ ಹೊತ್ತಿಗೆ ಆಕೆ ಏಳಲೇಬೇಕು. ಕೊಡ, ಡ್ರಮ್ಮು ತುಂಬಲೇಬೇಕು. ಮಗನ ಡಬ್ಬಿ, ಮೊಮ್ಮಗುವಿನ ಹಾಲು, ಯಜಮಾನರ ಎರಡನೆಯ ಚಹ, ಎಲ್ಲ ಮೊದಲಿನಂತೆಯೇ. ಬದಲಾದುದು ಒಂದೇ. ಮೊದಲು ಹಗಲು ಹೊತ್ತು ಖೋಲಿ ಆಕೆಯದಾಗಿತ್ತು. ಕೆಲಸ ಮುಗಿಸಿ ಅರ್ಧ ಗಂಟೆ ನೆಲಕ್ಕೆ ಬೆನ್ನು ಹಾಕುತ್ತಿದ್ದಳು; ಪಕ್ಕದವಳೊಡನೆ ಕುಳಿತು ಅಕ್ಕಿ ಆರಿಸುತ್ತ ಸುಖದುಃಖ ಮಾತಾಡುತ್ತಿದ್ದಳು. ಈಗ ಆ ಅರ್ಧ ಗಂಟೆಯ ಜಾಗದಲ್ಲಿ ಹಳೆಯ ಪೇಪರು ಹಾಸಿ, ಅದರ ಮೇಲೆ ಫ್ಯಾನಿನ ರೆಕ್ಕೆ ಇಟ್ಟಿದೆ. ಆಕೆ ಗೊಣಗುವುದು ಫ್ಯಾನಿಗಾಗಿ ಅಲ್ಲ, ತನ್ನ ಅರ್ಧ ಗಂಟೆಗಾಗಿ. ಕಾರ್ಮಿಕನ ವಿಶ್ರಾಂತಿಯನ್ನು ಕಸಿದರೆ ನಾವು ಬಾವುಟ ಹಿಡಿಯುತ್ತೇವೆ. ಮನೆಯಲ್ಲಿ ಅದನ್ನೇ ನಾವು ಕಸಿದುಕೊಂಡರೆ ಬಾವುಟ ಹಿಡಿಯುವವರು ಯಾರು?

ಹೋಟೆಲು ಕಾರ್ಮಿಕರ ಸಂಗತಿ ಇನ್ನೂ ಬೇರೆ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಬಂದ ನಮ್ಮವರಲ್ಲಿ ಎಷ್ಟೋ ಜನರಿಗೆ ಈ ನಗರದಲ್ಲಿ ಮನೆಯೆಂಬುದೇ ಇರಲಿಲ್ಲ. ಹೋಟೆಲಿನ ಅಟ್ಟವೇ ಮನೆ, ಟ್ರಂಕೇ ಸಂಸಾರ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲು ಘಟ್ಟ ಸುತ್ತಿ ಬಸ್ಸಿನಲ್ಲಿ ಊರಿಗೆ ಹೋಗಿ ಬರುವುದೇ ಒಂದು ಯಾತ್ರೆ. ವರ್ಷಕ್ಕೆ ಒಂದು ತಿಂಗಳು ಹೆಂಡತಿ ಮಕ್ಕಳ ಮುಖ ನೋಡಿದರೆ ಪುಣ್ಯ. ಅಷ್ಟು ವರ್ಷ ಗದ್ದೆ, ದನ, ಮಕ್ಕಳ ಶಾಲೆ, ಅತ್ತೆಮಾವನ ಕಾಯಿಲೆ ಎಲ್ಲವನ್ನೂ ಆ ತಾಯಿ ಒಬ್ಬಳೇ ನಡೆಸಿದಳು. ಈಗ ಅರವತ್ತರಲ್ಲಿ ಈತ ಟ್ರಂಕು ಹಿಡಿದು ಊರಿಗೆ ಬರುತ್ತಾನೆ. ಮದುವೆಯಾಗಿ ಮೂವತ್ತೈದು ವರ್ಷವಾಗಿರಬಹುದು. ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನು ಕೂಡಿಸಿದರೆ ಮೂರು ವರ್ಷವೂ ಆಗದು.

ಬಂದವನು ಮೊದಲು ಮಾಡುವುದೇನು? ಅಡಿಗೆಮನೆಗೆ ಹೋಗಿ, "ಡಬ್ಬಿಗಳನ್ನು ಹೀಗೆ ಇಡುವುದಲ್ಲ, ಹೋಟೆಲಿನಲ್ಲಿ ನಾವು ಹೀಗೆ ಇಡುತ್ತಿದ್ದೆವು" ಎನ್ನುತ್ತಾನೆ. ಸಾಂಬಾರಿಗೆ ಕೊತ್ತಂಬರಿ ಸಾಲದು ಎನ್ನುತ್ತಾನೆ. ಸರಿಯಾಗಿಯೇ ನಡೆಯುತ್ತಿದ್ದ ಬಾವಿಯ ರಾಟೆಯನ್ನು ಬಿಚ್ಚಿಡುತ್ತಾನೆ. ಆತನ ಮನಸ್ಸಿನಲ್ಲಿರುವುದು ಇಷ್ಟೆ: ನನ್ನ ಮನೆಗೆ ನಾನೂ ಉಪಯೋಗಕ್ಕೆ ಬರಬೇಕು. ಆಕೆಗೆ ಕೇಳಿಸುವುದು ಬೇರೆ: ಇಷ್ಟು ವರ್ಷ ನೀನು ನಡೆಸಿದ್ದು ಸರಿಯಾಗಿರಲಿಲ್ಲ. ಜಗಳವಾಗದೆ ಇನ್ನೇನಾದೀತು? ದುಡಿದು ಕಳಿಸಿದ ಗಂಡನೂ, ಕಳಿಸಿದ್ದರಲ್ಲಿ ಮನೆ ನಿಲ್ಲಿಸಿದ ಹೆಂಡತಿಯೂ, ಇಬ್ಬರೂ ಮುಪ್ಪಿನಲ್ಲಿ ಒಬ್ಬರಿಗೊಬ್ಬರು ಹೊಸಬರಾಗಿ ನಿಲ್ಲುವಂತೆ ಮಾಡಿದ್ದು ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ಸಾಲದ ನಮ್ಮ ಪಗಾರ, ಕಾಲು ಚಾಚಲು ಸಾಲದ ನಮ್ಮ ಅಟ್ಟ. ಇದನ್ನು ತಿಳಿದರೆ ಸಿಟ್ಟು ಯಾರ ಮೇಲೆ ಬರಬೇಕೋ ಅವರ ಮೇಲೆ ಬರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಸುತ್ತಿಗೆಯನ್ನು ಅಟ್ಟಕ್ಕೆ ಎಸೆಯಿರೆಂದು ನಾವು ಹೇಳುವುದಿಲ್ಲ. ನಮ್ಮ ಸೂಚನೆ ಬೇರೆ. ಏನನ್ನು ರಿಪೇರಿ ಮಾಡಬೇಕೆಂಬುದನ್ನು ಮನೆಯಾಕೆ ಹೇಳಲಿ, ಹೇಗೆ ಮಾಡಬೇಕೆಂಬುದನ್ನು ಯಜಮಾನರು ನೋಡಿಕೊಳ್ಳಲಿ. ನಡೆಯುತ್ತಿರುವುದನ್ನು ಬಿಚ್ಚಬಾರದು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯಬಾರದು. ಆಕೆ ಬೆನ್ನು ಹಾಕುವ ಹೊತ್ತಿಗೆ ಸುತ್ತಿಗೆಗೂ ವಿಶ್ರಾಂತಿ. ಇಷ್ಟಾದರೆ ಅರ್ಧ ಗೊಣಗಾಟ ಅಲ್ಲೇ ನಿಲ್ಲುತ್ತದೆ.

ಮನೆಯಾಕೆ ಹೇಳುವ ಕೆಲಸಗಳೇನೂ ಸಣ್ಣವಲ್ಲ. ಸೋರುವ ನಲ್ಲಿಯನ್ನೇ ನೋಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಸುಮಾರು 4,000 ಹನಿಗೆ ಒಂದು ಲೀಟರು ಹಿಡಿದರೂ 20 ಲೀಟರಿಗೆ ಕಡಿಮೆಯಾಗದು. ನಲ್ಲಿಗೆ ಸರದಿ ನಿಲ್ಲುವ ನಮ್ಮ ಹೆಂಗಸರಿಗೆ ಇದು ಒಂದು ದೊಡ್ಡ ಕೊಡಕ್ಕಿಂತ ಹೆಚ್ಚು. ಅದನ್ನು ನಿಲ್ಲಿಸಲು ಬೇಕಾದುದು ಒಂದು ವಾಷರು. ಹಳೆಯ ಮಾದರಿಯ ಫ್ಯಾನು ನಿಧಾನ ತಿರುಗಿದರೆ, ಅಥವಾ ಕೋಲಿನಿಂದ ತಳ್ಳಿದರೆ ಮಾತ್ರ ಹೊರಟರೆ, ಬಹಳ ಸಲ ಮೋಟಾರು ಕೆಟ್ಟಿರುವುದಿಲ್ಲ; ಕೆಪಾಸಿಟರು ಸೋತಿರುತ್ತದೆ. ಅದರ ಮೇಲೆ ಬರೆದ ಅಳತೆಯನ್ನೇ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಅಂಗಡಿಯಲ್ಲಿ ಕೇಳಿ ತಂದು ಹಾಕಿದರೆ ಸಾಕು. ಮಿಕ್ಸರು ಹೆಚ್ಚು ಹೊರೆಯಿಂದ ಫಕ್ಕನೆ ನಿಂತರೆ ಬಿಚ್ಚುವ ಮೊದಲು ತಳದಲ್ಲಿರುವ ಗುಂಡಿಯನ್ನು ಒತ್ತಿ ನೋಡಬೇಕು. ಮೋಟಾರು ತಿರುಗಿ ಬ್ಲೇಡು ತಿರುಗದಿದ್ದರೆ ನಡುವಿನ ಕಪ್ಲರು ಸವೆದಿದೆಯೆಂದು ಅರ್ಥ. ಕುಕ್ಕರಿನ ಬದಿಯಿಂದ ಹಬೆ ಹೋಗುತ್ತಿದ್ದರೆ ಗ್ಯಾಸ್ಕೆಟು ಗಡುಸಾಗಿದೆ. ಕೊಡೆಯ ಕಡ್ಡಿ, ಚಪ್ಪಲಿಯ ಪಟ್ಟಿ, ಅಲುಗಾಡುವ ಮಣೆ, ಕಿರುಗುಟ್ಟುವ ಬಾಗಿಲು, ಇವು ಮಳೆಗಾಲದ ಮೊದಲೇ ಆಗಬೇಕಾದ ಕೆಲಸ.

ಮುಟ್ಟಬಾರದ ಕೆಲಸಗಳೂ ಇವೆ. ಧೈರ್ಯವನ್ನು ಇಲ್ಲಿ ತೋರಿಸಬಾರದು. ಗ್ಯಾಸಿನ ರೆಗ್ಯುಲೇಟರನ್ನು ಬಿಚ್ಚಕೂಡದು. ರಬ್ಬರಿನ ಕೊಳವೆಗೆ ಐಎಸ್ಐ ಗುರುತು ನೋಡಿ ತಂದು, ಅವಧಿಗೆ ಸರಿಯಾಗಿ, ಐದು ವರ್ಷಕ್ಕೆ ಮುಂಚೆಯೇ, ಬದಲಿಸಬೇಕು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಬೇಕು. ಕುಕ್ಕರಿನ ಸುರಕ್ಷೆಯ ವಾಲ್ವು ನೀರು ಆರಿದಾಗ ಕರಗಿ ಹಬೆಯನ್ನು ಬಿಡುವುದಕ್ಕೆಂದೇ ಇರುವುದು. ಅದರ ತೂತಿಗೆ ಬೇರೆ ಸೀಸ ತುಂಬಿ ಮುಚ್ಚಿದವನು ಅಡಿಗೆಮನೆಯಲ್ಲಿ ಬಾಂಬು ಇಟ್ಟಂತೆ. ವಿದ್ಯುತ್ತಿನ ಕೆಲಸಕ್ಕೆ ಗೋಡೆಯ ಗುಂಡಿ ಆರಿಸಿದರೆ ಸಾಲದು. ಮೇನ್ ತೆಗೆದು ಟೆಸ್ಟರು ಹಚ್ಚಿ ನೋಡಬೇಕು. ಕೆಪಾಸಿಟರಿನಲ್ಲಿ ಮೇನ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕರೆಂಟು ಉಳಿದಿರಬಹುದು. ಮೂರು ಕಡ್ಡಿಯ ಪ್ಲಗ್ಗಿನಿಂದ ಮೂರನೆಯದನ್ನು ಕಿತ್ತು ಎರಡಕ್ಕೆ ಇಳಿಸಬಾರದು; ಆ ದಪ್ಪ ಕಡ್ಡಿಯೇ ಜೀವ ಉಳಿಸುವುದು. ಕುರ್ಚಿಯ ಮೇಲೆ ಮಣೆ, ಮಣೆಯ ಮೇಲೆ ಡಬ್ಬಿ ಇಟ್ಟು ಹತ್ತುವುದಂತೂ ಬೇಡವೇ ಬೇಡ. ಅರವತ್ತೈದರಲ್ಲಿ ಮುರಿದ ಸೊಂಟಕ್ಕೆ ಯಾವ ಅಂಗಡಿಯಲ್ಲೂ ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ.

ಗೊಣಗಾಟದ ಬೇರು ಬಹಳ ಮನೆಗಳಲ್ಲಿ ದುಡ್ಡಿನಲ್ಲಿದೆಯೆಂಬುದನ್ನು ಮರೆಯುವಂತಿಲ್ಲ. ನೌಕರರ ಪಿಂಚಣಿ ಯೋಜನೆ ಬಂದದ್ದು 1995ರಲ್ಲಿ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಸಾವಿರ ರೂಪಾಯಿಯಲ್ಲಿ ಒಂದು ಜೀವ ತಿಂಗಳು ಕಳೆಯುವುದೆಂದು ಲೆಕ್ಕ ಹಾಕಿದವರು ಮಾರುಕಟ್ಟೆಗೆ ಹೋದವರಲ್ಲ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆನ್ನುತ್ತಾರೆ. ನಮ್ಮವರಲ್ಲಿ ಕುಡಿಕೆಯೇ ಇಲ್ಲ. ಆದುದರಿಂದ ಸ್ಕ್ರೂ ಡಬ್ಬಿ ತೆರೆಯುವ ಮೊದಲು ಕಾಗದದ ಡಬ್ಬಿ ತೆರೆಯಿರಿ. ಗ್ರಾಚ್ಯುಯಿಟಿಯ ಲೆಕ್ಕ ಕಷ್ಟವಲ್ಲ. ಕೊನೆಯ ತಿಂಗಳ ಮೂಲ ಪಗಾರ ಮತ್ತು ತುಟ್ಟಿಭತ್ತೆ ಸೇರಿ 13,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. 7,500 ಆಯಿತು. ಇಪ್ಪತ್ತು ವರ್ಷ ದುಡಿದವನಿಗೆ 1,50,000 ರೂಪಾಯಿ ಬರಬೇಕು. ಧಣಿಗಳು ಶಾಲು ಹೊದಿಸಿ, "ಊರಿಗೆ ಹೋಗಿ ಸುಖವಾಗಿರಪ್ಪ" ಎಂದು ಕೈಗೆ ಹತ್ತು ಸಾವಿರ ಕೊಟ್ಟರೆ ಅದು ಉಡುಗೊರೆಯಲ್ಲ, ನಷ್ಟ. ಕೈಬರಹದ ಚೀಟಿಯಾಗಲಿ, ಹಾಜರಿಯ ಪ್ರತಿಯಾಗಲಿ, ಏನಿದ್ದರೂ ಹಿಡಿದುಕೊಂಡು ಸಂಘಕ್ಕೆ ಬನ್ನಿ.

ರಿಪೇರಿಯ ಕೆಲಸದಲ್ಲಿಯೂ ಕಾರ್ಮಿಕ ನೀತಿ ಒಂದಿದೆ. ಬೀದಿಯ ಮೂಲೆಯಲ್ಲಿ ಸಣ್ಣ ಮೇಜು ಹಾಕಿ ಕುಳಿತ ರಿಪೇರಿಯವನೂ ನಮ್ಮವನೇ. ತನ್ನ ಮನೆಯ ಫ್ಯಾನನ್ನು ನಿವೃತ್ತನು ಸರಿಮಾಡಿಕೊಳ್ಳಲಿ. ಚಾಳಿನ ಎಲ್ಲರ ಫ್ಯಾನನ್ನೂ ಪುಕ್ಕಟೆ ಮಾಡಿಕೊಟ್ಟು ಆ ಬಡವನ ಅನ್ನ ತೆಗೆಯುವುದು ಉಪಕಾರವಲ್ಲ. ಹಾಗೆಯೇ, ಹಳೆಯ ಧಣಿಗಳು ಕರೆಕಳಿಸಿ, "ನಿನ್ನ ಕೈಗುಣ ಬೇರೆ ಯಾರಿಗೂ ಇಲ್ಲ, ಗ್ರೈಂಡರನ್ನು ಒಮ್ಮೆ ನೋಡಿಹೋಗು" ಎಂದರೆ ಮನಸ್ಸು ಉಬ್ಬಿ ಓಡಬೇಡಿ. ಹೋಗಿ, ಸರಿಮಾಡಿ, ಕೂಲಿ ಕೇಳಿ ತೆಗೆದುಕೊಳ್ಳಿ. ಹೊಗಳಿಕೆಯಿಂದ ಕೂಲಿ ತೀರಿಸುವ ವಿದ್ಯೆ ಧಣಿಗಳಿಗೆ ಹೊಸದಲ್ಲ.

ಹಳೆಯದನ್ನು ಸರಿಮಾಡಿ ಬಳಸುವುದು ಬಡತನದ ಗುರುತೆಂದು ನಮ್ಮ ಹೊಸ ಹುಡುಗರಲ್ಲಿ ಕೆಲವರು ನಾಚುತ್ತಾರೆ. ಕೆಟ್ಟರೆ ಎಸೆದು ಕಂತಿನಲ್ಲಿ ಹೊಸದು ತರುತ್ತಾರೆ. ಬಿಚ್ಚಲಾಗದಂತೆ ಅಂಟು ಹಾಕಿ ಮುಚ್ಚಿದ ಸಾಮಾನು, ಬಿಡಿಭಾಗ ಕೊಡದ ಕಂಪೆನಿ, ಇವು ಗಿರಾಕಿಯ ಜೇಬಿಗೆ ಹಾಕಿದ ಕೈ. ಈ ಪ್ರಶ್ನೆ ಸರಕಾರದ ತನಕ ಹೋಗಿ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರಕಾರವೇ ಒಂದು ಮಾಹಿತಿ ತಾಣ ತೆರೆಯಬೇಕಾಯಿತು. ನಮ್ಮ ಮುದುಕರು ಬಿಸ್ಕತ್ತಿನ ಡಬ್ಬಿ ಹಿಡಿದು ಆ ಹಕ್ಕನ್ನು ಮೊದಲಿನಿಂದಲೂ ನಡೆಸಿಕೊಂಡು ಬಂದಿದ್ದಾರೆ.

ಕೊನೆಗೆ ಸಂಘದ ಕರ್ತವ್ಯ. ಖೋಲಿಯಲ್ಲಿ ಜಾಗವಿಲ್ಲ, ಊರಿನಲ್ಲಿ ಜೊತೆಯಿಲ್ಲ. ಹಾಗಿದ್ದರೆ ಸಂಘದ ಕಚೇರಿಯಲ್ಲಿ ಒಂದು ಗಟ್ಟಿ ಮೇಜು, ಬೀಗವಿರುವ ಒಂದು ಕಪಾಟು, ಅದರೊಳಗೆ ಎರಡು ಪಾನಾ, ಒಂದು ಇಕ್ಕಳ, ಸುತ್ತಿಗೆ, ಗರಗಸ, ಅರ, ಟೆಸ್ಟರು, ಬೆಸುಗೆಯ ಕಡ್ಡಿ ಇಡೋಣ. ಇದಕ್ಕೆ ಬೀಳುವ ಖರ್ಚು ವಾರ್ಷಿಕೋತ್ಸವದ ಹಾರತುರಾಯಿಯ ಖರ್ಚನ್ನು ಮೀರದು. ತಿಂಗಳ ಎರಡು ಭಾನುವಾರ ನಿವೃತ್ತ ಸಹೋದರರು ಅಲ್ಲಿಗೆ ಬರಲಿ. ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗರೂ ಬರಲಿ. ಪ್ಲಗ್ಗಿಗೆ ತಂತಿ ಹಾಕುವುದು, ನಲ್ಲಿಗೆ ವಾಷರು ಕೂರಿಸುವುದು, ಮರ ಕೊಯ್ಯುವುದು ಆ ಹುಡುಗರಿಗೆ ತಿಳಿಯಲಿ. ನಾಳೆ ಹೋಟೆಲು ಬಿಟ್ಟರೆ ಇನ್ನೊಂದು ಕಸುಬಿನ ಬಾಗಿಲು ಅವರಿಗೆ ತೆರೆದಿರುತ್ತದೆ. ಅಷ್ಟು ಹೊತ್ತು ಮನೆಯಾಕೆಗೆ ಖೋಲಿ ಮರಳಿ ಸಿಗುತ್ತದೆ. ಹೆಂಗಸರೂ ಬಂದು ಕಲಿಯುವುದಾದರೆ ಮೊದಲ ಸಾಲಿನ ಜಾಗ ಅವರದು. ವಾಷರು ಹಾಕಲು ಮೀಸೆ ಬೇಕಾಗಿಲ್ಲ.

ಊರಿಗೆ ಮರಳುವವರಿಗೂ ಒಂದು ಮಾತು. ಟ್ರಂಕಿನಲ್ಲಿ ಪಾನಾ ಪಕ್ಕಡು ಒಯ್ಯಿರಿ, ಹೋಟೆಲಿನ ಕಾನೂನು ಒಯ್ಯಬೇಡಿ. ಮೊದಲನೆಯ ತಿಂಗಳು ಏನನ್ನೂ ಬಿಚ್ಚದೆ, ಆ ಮನೆ ಹೇಗೆ ನಡೆಯುತ್ತಿದೆ ಎಂದು ನೋಡಿ. ಹಗ್ಗ ಎಲ್ಲಿ ಸವೆದಿದೆ, ಯಾವ ಹೆಂಚಿನಿಂದ ನೀರು ಸೋರುತ್ತದೆ, ಮಳೆಗಾಲದಲ್ಲಿ ಯಾವ ಬಾಗಿಲು ಬಿಗಿಯುತ್ತದೆ ಎಂಬುದು ಅಲ್ಲಿ ಅಷ್ಟು ವರ್ಷ ಇದ್ದವಳಿಗೆ ಗೊತ್ತು. ಆಕೆಯನ್ನು ಕೇಳಿ. ಕೇಳಿಸಿಕೊಳ್ಳದೆಯೇ ಅಷ್ಟು ವರ್ಷ ಮನೆ ನಡೆಸಿದವಳಿಗೆ, ಗಂಡ ಬಂದು "ಯಾವುದು ಮೊದಲು ಆಗಬೇಕು?" ಎಂದು ಕೇಳಿದರೆ ಸಾಕು, ಸಂಸಾರದ ಬಹಳಷ್ಟು ಸ್ಕ್ರೂಗಳು ಅಷ್ಟರಿಂದಲೇ ಬಿಗಿಯಾಗುತ್ತವೆ.

ಮೇಜು, ಕಪಾಟಿನ ವಿಷಯವನ್ನು ಮುಂದಿನ ಕಾರ್ಯಕಾರಿ ಸಭೆಯ ಮುಂದೆ ಇಡಲಿದ್ದೇವೆ. ಮನೆಯಲ್ಲಿ ಹೆಚ್ಚಾಗಿ ಬಿದ್ದಿರುವ ಸುತ್ತಿಗೆ, ಅರ, ಉಳಿ ಇದ್ದವರು ತಂದುಕೊಡಬೇಕಾಗಿ ಕೋರಿಕೆ. ತರುವ ಮೊದಲು ಮನೆಯಲ್ಲಿ ಒಮ್ಮೆ ಕೇಳಿ ತನ್ನಿ.